ಪಾಲ್ ಫಿಟ್ಸ್

ಪಾಲ್ ಮೋರಿಸ್ ಫಿಟ್ಸ್ (6 ಮೇ 1912 – 2 ಮೇ 1965) ಅಮೆರಿಕದ ಪ್ರಾಯೋಗಿಕ ಮನೋವಿಜ್ಞಾನಿ. ಯಂತ್ರಗಳನ್ನು ಅವುಗಳನ್ನು ಬಳಸುವ ಮನುಷ್ಯರ ಶಕ್ತಿ ಹಾಗೂ ಮಿತಿಗಳಿಗೆ ಹೊಂದುವಂತೆ ರೂಪಿಸಬೇಕೆನ್ನುವ ಇಂಜಿನಿಯರಿಂಗ್ ಮನೋವಿಜ್ಞಾನದ ಸ್ಥಾಪಕರಲ್ಲಿ ಅವರನ್ನು ಎಣಿಸಲಾಗುತ್ತದೆ. ಗಣಕ ವಿಜ್ಞಾನದ ವಿದ್ಯಾರ್ಥಿಗಳಿಗೆ ಅವರ ಹೆಸರು ಪರಿಚಿತವಾಗಿರುವುದು 1954ರಲ್ಲಿ ಪ್ರಕಟವಾದ ಫಿಟ್ಸ್ ನಿಯಮದಿಂದ. ವಾಯುಯಾನ ಕ್ಷೇತ್ರದಲ್ಲಿ ಅವರ ಸ್ಥಾನವನ್ನು ನಿರ್ಧರಿಸಿದ್ದು ಅದಕ್ಕೂ ಮೂರು ವರ್ಷ ಮೊದಲು, 1951ರಲ್ಲಿ, ಅವರ ಸಂಪಾದಕತ್ವದಲ್ಲಿ ಹೊರಬಂದ ವಾಯು ಸಂಚಾರ ನಿಯಂತ್ರಣ ಕುರಿತ ವರದಿ. ಆಕಾಶದಲ್ಲಿರುವ ಪೈಲಟ್, ನೆಲದಲ್ಲಿರುವ ನಿಯಂತ್ರಕ ಮತ್ತು ಅವರಿಬ್ಬರ ನಡುವಿನ ಸಂವಹನವನ್ನು ಒಂದೇ ವ್ಯವಸ್ಥೆಯ ಭಾಗಗಳೆಂದು ನೋಡಿ, ಅದರಲ್ಲಿ ಯಾವ ಕೆಲಸ ಮನುಷ್ಯನದು, ಯಾವುದು ಯಂತ್ರದ್ದು ಎಂಬ ಪ್ರಶ್ನೆಯನ್ನು ಆ ವರದಿ ಕ್ರಮಬದ್ಧವಾಗಿ ಎತ್ತಿತು.

ಆರಂಭಿಕ ಜೀವನ ಮತ್ತು ಶಿಕ್ಷಣ

ಫಿಟ್ಸ್ ಜನಿಸಿದ್ದು ಟೆನೆಸಿ ರಾಜ್ಯದ ಮಾರ್ಟಿನ್ ಪಟ್ಟಣದಲ್ಲಿ. 1934ರಲ್ಲಿ ಟೆನೆಸಿ ವಿಶ್ವವಿದ್ಯಾಲಯದಿಂದ ಪದವಿಯನ್ನೂ 1936ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನೂ ಪಡೆದರು. 1938ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಬಳಿಕ ಟೆನೆಸಿಗೆ ಮರಳಿ ಅಧ್ಯಾಪಕರಾದರು. ಎರಡನೆಯ ಮಹಾಯುದ್ಧ ಬಾರದೆ ಇದ್ದಿದ್ದರೆ ಅವರು ವಿಮಾನಗಳ ಕಡೆಗೆ ಹೊರಳುತ್ತಿದ್ದರೆಂದು ಹೇಳಲಾಗದು.

ಸೇನೆಯಲ್ಲಿ

1941ರಲ್ಲಿ ಫಿಟ್ಸ್ ಅಮೆರಿಕ ಸೇನೆಯ ವಾಯುಪಡೆಯ ವಾಯುಯಾನ ಮನೋವಿಜ್ಞಾನ ಕಾರ್ಯಕ್ರಮವನ್ನು ಸೇರಿದರು. ಯುದ್ಧದ ಮೊದಲ ವರ್ಷಗಳಲ್ಲಿ ಈ ಕಾರ್ಯಕ್ರಮದ ಮುಖ್ಯ ಗುರಿ ಆಯ್ಕೆ. ವಿಮಾನ ಹಾರಿಸಲು ಯೋಗ್ಯರಾದವರನ್ನು ಪರೀಕ್ಷೆಗಳ ಮೂಲಕ ಆರಿಸಿ ಅವರಿಗೆ ತರಬೇತಿ ಕೊಟ್ಟರೆ ಅಪಘಾತಗಳು ತಗ್ಗುತ್ತವೆ ಎಂಬುದು ಅದರ ಹಿಂದಿನ ನಂಬಿಕೆ. ಆದರೆ ಚೆನ್ನಾಗಿ ಆಯ್ಕೆಯಾದ, ಚೆನ್ನಾಗಿ ತರಬೇತಿ ಪಡೆದ ಪೈಲಟ್‌ಗಳೂ ಒಂದೇ ಬಗೆಯ ತಪ್ಪುಗಳನ್ನು ಮತ್ತೆ ಮತ್ತೆ ಮಾಡುತ್ತಿದ್ದರು. ಕೆಲವು ವಿಮಾನಗಳು ನೆಲಕ್ಕಿಳಿದ ನಂತರ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್‌ಗಳನ್ನು ಮಡಚುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಬಿ-17 ಬಾಂಬರ್ ವಿಮಾನದಲ್ಲಿ ಈ ಎರಡು ಕೆಲಸಗಳ ಕೀಲಿಗಳು ಅಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿ ಇದ್ದುದನ್ನು ಗುರುತಿಸಿದವರು ಫಿಟ್ಸ್ ಅವರ ಸಮಕಾಲೀನರಾದ ಅಲ್ಫಾನ್ಸ್ ಚಪಾನಿಸ್. ಒಂದು ಕೀಲಿಗೆ ಪುಟ್ಟ ಚಕ್ರದ ಆಕಾರವನ್ನೂ ಇನ್ನೊಂದಕ್ಕೆ ಫ್ಲ್ಯಾಪ್‌ನಂಥ ಆಕಾರವನ್ನೂ ಕೊಡುವುದು ಅವರು ಸೂಚಿಸಿದ ಪರಿಹಾರವಾಗಿತ್ತು.

1945ರಲ್ಲಿ ಓಹಾಯೊದ ಡೇಟನ್ ಬಳಿಯ ರೈಟ್ ಫೀಲ್ಡ್‌ನ ವಾಯು ವೈದ್ಯಕೀಯ ಪ್ರಯೋಗಾಲಯದಲ್ಲಿ ಮನೋವಿಜ್ಞಾನ ಶಾಖೆ ಆರಂಭವಾದಾಗ ಅದರ ಮುಖ್ಯಸ್ಥರಾಗಿ ಫಿಟ್ಸ್ ನೇಮಕಗೊಂಡರು. ಅಲ್ಲಿ ಅವರು ಲೆಫ್ಟಿನೆಂಟ್ ಕರ್ನಲ್ ಹುದ್ದೆಯಲ್ಲಿದ್ದರು. ವಿಮಾನದ ಉಪಕರಣಗಳ ವಿನ್ಯಾಸವೇ ಈ ಶಾಖೆಯ ಅಧ್ಯಯನದ ವಸ್ತು. ಯುದ್ಧಕಾಲದ ಇಂಥ ಸಂಶೋಧನೆಗಳನ್ನು ಒಟ್ಟುಗೂಡಿಸಿದ ಸಂಪುಟವನ್ನು ಫಿಟ್ಸ್ 1947ರಲ್ಲಿ ಸಂಪಾದಿಸಿದರು.

ಪೈಲಟ್ ದೋಷದ ಅಧ್ಯಯನ

1947ರಲ್ಲಿ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎರಡು ವರದಿಗಳನ್ನು ಸಿದ್ಧಪಡಿಸಿದರು. ಮೊದಲನೆಯದು ವಿಮಾನದ ಕೀಲಿಗಳನ್ನು ಬಳಸುವಾಗ ಆದ 460 ತಪ್ಪುಗಳನ್ನೂ ಎರಡನೆಯದು ಉಪಕರಣಗಳನ್ನು ಓದುವಾಗ ಆದ 270 ತಪ್ಪುಗಳನ್ನೂ ಪರಿಶೀಲಿಸಿತು. ಅವರು ಅನುಸರಿಸಿದ ವಿಧಾನ ಸರಳವಾಗಿತ್ತು. ತಾವು ಮಾಡಿದ ಅಥವಾ ತಮ್ಮ ಕಣ್ಣೆದುರು ಬೇರೊಬ್ಬರು ಮಾಡಿದ ಒಂದು ತಪ್ಪನ್ನು ವಿವರವಾಗಿ ತಿಳಿಸುವಂತೆ ಪೈಲಟ್‌ಗಳನ್ನು ಕೋರಲಾಯಿತು. ಅಪಘಾತದ ವಿಚಾರಣೆಯಲ್ಲಿ ತಪ್ಪಿತಸ್ಥನ ಹುಡುಕಾಟ ನಡೆಯುತ್ತದೆ. ಇಲ್ಲಿ ಬದುಕುಳಿದವರ ಅನುಭವವೇ ದತ್ತಾಂಶವಾಯಿತು.

ಕೀಲಿಗಳ ಬಳಕೆಯಲ್ಲಿ ಆದ ತಪ್ಪುಗಳಲ್ಲಿ ಸುಮಾರು ಅರ್ಧದಷ್ಟು ಒಂದು ಕೀಲಿಯ ಬದಲು ಇನ್ನೊಂದನ್ನು ಹಿಡಿದ ತಪ್ಪುಗಳಾಗಿದ್ದವು. ಇದಕ್ಕೆ ಪೈಲಟ್‌ನ ಅಲಕ್ಷ್ಯವಷ್ಟೇ ಕಾರಣವಾಗಿರಲಿಲ್ಲ. ಆ ಕಾಲದ ಬಿ-25 ವಿಮಾನದಲ್ಲಿ ಎಂಜಿನ್‌ನ ಮೂರು ಮುಖ್ಯ ಕೀಲಿಗಳು ಎಡದಿಂದ ಬಲಕ್ಕೆ ಥ್ರಾಟಲ್, ಪ್ರೊಪೆಲ್ಲರ್, ಇಂಧನ ಮಿಶ್ರಣ ಎಂಬ ಕ್ರಮದಲ್ಲಿದ್ದರೆ, ಸಿ-47ರಲ್ಲಿ ಪ್ರೊಪೆಲ್ಲರ್, ಥ್ರಾಟಲ್, ಮಿಶ್ರಣ ಎಂಬ ಕ್ರಮವಿತ್ತು. ಸಿ-82ರಲ್ಲಿ ಮಿಶ್ರಣದ ಕೀಲಿಯೇ ಮೊದಲು. ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾದ ಪೈಲಟ್‌ನ ಕೈ ಹಳೆಯ ರೂಢಿಯಂತೆಯೇ ಚಲಿಸುತ್ತಿತ್ತು. ಉಪಕರಣಗಳ ಓದಿನಲ್ಲಿ ಹೆಚ್ಚು ಅಪಾಯಕಾರಿಯೆನಿಸಿದ್ದು ಹಲವು ಮುಳ್ಳುಗಳಿದ್ದ ಎತ್ತರಮಾಪಕ. ಅದನ್ನು ಓದುವಾಗ 1,000 ಅಡಿಗಳಷ್ಟು ತಪ್ಪಾಗುತ್ತಿದ್ದ ಪ್ರಸಂಗಗಳು ದಾಖಲಾದವು.

ಪೈಲಟ್ ದೋಷವೆಂದು ಕಡತ ಮುಚ್ಚುತ್ತಿದ್ದ ಘಟನೆಗಳಲ್ಲಿ ಬಹಳಷ್ಟನ್ನು ವಿನ್ಯಾಸದ ಬದಲಾವಣೆಯಿಂದ ತಪ್ಪಿಸಬಹುದು ಎಂಬುದು ಈ ವರದಿಗಳ ತೀರ್ಮಾನ. ತಪ್ಪಿಗೆ ಕಾರಣವನ್ನು ವ್ಯಕ್ತಿಯ ಸ್ವಭಾವದಲ್ಲಿ ಹುಡುಕುವ ಬದಲು ಅವನ ಮುಂದಿಟ್ಟ ಸಲಕರಣೆಯಲ್ಲಿ ಹುಡುಕುವ ಈ ದೃಷ್ಟಿಯನ್ನೇ ಫಿಟ್ಸ್ ಮುಂದೆ ನಿಯಂತ್ರಣ ಕೊಠಡಿಗೂ ಅನ್ವಯಿಸಿದರು.

ಇದೇ ಅವಧಿಯ ಇನ್ನೊಂದು ಅಧ್ಯಯನವೂ ಇಲ್ಲಿ ಉಲ್ಲೇಖಾರ್ಹ. ಮೋಡ, ಮಂಜುಗಳ ನಡುವೆ ಇಳಿಯುವ ಪೈಲಟ್‌ಗೆ ಆಗ ಎರಡು ದಾರಿಗಳಿದ್ದವು. ಒಂದರಲ್ಲಿ ಕಾಕ್‌ಪಿಟ್‌ನ ಉಪಕರಣದ ಮುಳ್ಳುಗಳು ದಾರಿ ತೋರಿಸುತ್ತಿದ್ದವು. ಇನ್ನೊಂದರಲ್ಲಿ ನೆಲದ ನಿಯಂತ್ರಕ ರಾಡಾರ್ ಪರದೆಯನ್ನು ನೋಡುತ್ತ ರೇಡಿಯೊದಲ್ಲಿ ಎಡೆಬಿಡದೆ ಮಾತನಾಡುತ್ತ ವಿಮಾನವನ್ನು ಇಳಿಸುತ್ತಿದ್ದ. ಫಿಟ್ಸ್, ಜೋನ್ಸ್ ಮತ್ತು ಜಾನ್ ಮಿಲ್ಟನ್ ಎರಡೂ ಸಂದರ್ಭಗಳಲ್ಲಿ ಪೈಲಟ್‌ಗಳ ಕಣ್ಣಿನ ಚಲನೆಯನ್ನು ಚಿತ್ರೀಕರಿಸಿದರು. ಮಾಹಿತಿ ಕಣ್ಣಿನ ಮೂಲಕ ಬಂದರೆ ಒಂದು ಬಗೆಯಲ್ಲಿ, ಕಿವಿಯ ಮೂಲಕ ಬಂದರೆ ಇನ್ನೊಂದು ಬಗೆಯಲ್ಲಿ ಪೈಲಟ್‌ನ ನೋಟ ಉಪಕರಣಗಳ ಮೇಲೆ ಹಂಚಿಹೋಗುತ್ತಿತ್ತು. ಉಪಕರಣ ಫಲಕದ ಜೋಡಣೆಯನ್ನು ಅಭಿಪ್ರಾಯದ ಬದಲು ಅಳತೆಯ ಆಧಾರದಲ್ಲಿ ಚರ್ಚಿಸಲು 1950ರಲ್ಲಿ ಪ್ರಕಟವಾದ ಈ ಅಧ್ಯಯನ ನೆರವಾಯಿತು.

1951ರ ವರದಿ

1949ರಲ್ಲಿ ಫಿಟ್ಸ್ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯವನ್ನು ಸೇರಿ ಅಲ್ಲಿನ ವಾಯುಯಾನ ಮನೋವಿಜ್ಞಾನ ಪ್ರಯೋಗಾಲಯದ ನೇತೃತ್ವ ವಹಿಸಿದರು. ಆ ವೇಳೆಗೆ ಅಮೆರಿಕದ ನಾಗರಿಕ ವಿಮಾನಯಾನ ವೇಗವಾಗಿ ಬೆಳೆಯುತ್ತಿತ್ತು. ನಿಯಂತ್ರಣದ ವಿಧಾನಗಳು ಮಾತ್ರ ಹಳೆಯವೇ ಆಗಿದ್ದವು. ಮಾರ್ಗ ನಿಯಂತ್ರಣ ಕೇಂದ್ರಗಳಲ್ಲಿ ಹೆಚ್ಚಿನ ಕಡೆ ರಾಡಾರ್ ಇನ್ನೂ ಬಂದಿರಲಿಲ್ಲ. ಪೈಲಟ್ ತನ್ನ ಸ್ಥಾನ, ಎತ್ತರ ಮತ್ತು ಮುಂದಿನ ಠಾಣೆಯನ್ನು ತಲುಪುವ ಸಮಯವನ್ನು ರೇಡಿಯೊದಲ್ಲಿ ತಿಳಿಸುತ್ತಿದ್ದ. ಅದು ಅನೇಕ ಸಲ ನೇರವಾಗಿ ನಿಯಂತ್ರಕನಿಗೆ ಹೋಗದೆ, ವಿಮಾನ ಕಂಪನಿಯ ಅಥವಾ ಸಂಪರ್ಕ ಠಾಣೆಯ ರೇಡಿಯೊ ನಿರ್ವಾಹಕನಿಗೆ ಹೋಗಿ, ಅಲ್ಲಿಂದ ದೂರವಾಣಿಯಲ್ಲಿ ಕೇಂದ್ರಕ್ಕೆ ಬಂದು, ಕಾಗದದ ಪಟ್ಟಿಯ ಮೇಲೆ ದಾಖಲಾಗುತ್ತಿತ್ತು. ನಿಯಂತ್ರಕನ ಉತ್ತರ ಅದೇ ದಾರಿಯಲ್ಲಿ ಹಿಂದಿರುಗಬೇಕಿತ್ತು. ಒಂದು ಸಂದೇಶ ಎಷ್ಟು ಬಾಯಿಗಳನ್ನು ದಾಟುತ್ತದೋ ಅಷ್ಟು ಕಡೆ ತಡವಾಗಲು, ಅಷ್ಟು ಕಡೆ ತಪ್ಪಾಗಲು ಅವಕಾಶವಿತ್ತು.

ಈ ಸ್ಥಿತಿಯನ್ನು ಸುಧಾರಿಸುವ ಹೊಣೆ ಹೊತ್ತಿದ್ದ ವಾಯು ಸಂಚರಣ ಅಭಿವೃದ್ಧಿ ಮಂಡಳಿಗಾಗಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಪರಿಷತ್ತು ಒಂದು ಅಧ್ಯಯನವನ್ನು ಕೈಗೊಂಡಿತು. ಚಪಾನಿಸ್, ವಾಲ್ಟರ್ ಗ್ರೆದರ್, ವೆಂಡೆಲ್ ಗಾರ್ನರ್ ಮೊದಲಾದವರು ಅದರಲ್ಲಿ ಭಾಗವಹಿಸಿದರು, ಫಿಟ್ಸ್ ಸಂಪಾದಕರಾದರು. ಹೊಸ ಯಂತ್ರಗಳ ಪಟ್ಟಿ ಕೊಡುವುದು ಈ ತಂಡದ ಕೆಲಸವಾಗಿರಲಿಲ್ಲ. ವ್ಯವಸ್ಥೆಯಲ್ಲಿ ಮನುಷ್ಯನು ಇರಬೇಕೇ, ಇರುವುದಾದರೆ ಎಲ್ಲಿ, ಅವನಿಗೆ ಯಾವ ಹಂತದಲ್ಲಿ ಯಾವ ಮಾಹಿತಿ ಅಗತ್ಯ, ಎಷ್ಟು ಮಾಹಿತಿಯನ್ನು ಅವನು ನಿಭಾಯಿಸಬಲ್ಲ ಎಂಬವು ವರದಿಯ ಮೂಲ ಪ್ರಶ್ನೆಗಳು. ಸಂವಹನ ವ್ಯವಸ್ಥೆಗಳ ಮಾನಸಿಕ ಅಗತ್ಯಗಳನ್ನು ಕಂಡುಕೊಳ್ಳುವುದನ್ನು ಅದು ಒಂದು ಪ್ರತ್ಯೇಕ ಸಂಶೋಧನಾ ಗುರಿಯಾಗಿ ಹೆಸರಿಸಿತು. ಅದುವರೆಗೆ ರೇಡಿಯೊ ಸಂವಹನದ ಸುಧಾರಣೆಯೆಂದರೆ ಬಹುಮಟ್ಟಿಗೆ ಉತ್ತಮ ರೇಡಿಯೊ ಎಂದೇ ಅರ್ಥವಾಗಿತ್ತು.

ಮಾತಿನ ಸಂವಹನದ ತೊಡಕುಗಳು ಈಗಲೂ ಹೆಚ್ಚು ಬದಲಾಗಿಲ್ಲ. ಒಂದು ತರಂಗಾಂತರದಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಬಹುದು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಎರಡೂ ಸಂದೇಶಗಳು ಕೆಡುತ್ತವೆ. ಕೇಳಿದ ಮಾತು ಮರುಕ್ಷಣ ಇಲ್ಲವಾಗುವುದರಿಂದ ಅದನ್ನು ನೆನಪಿನಲ್ಲಿಯೋ ಕಾಗದದಲ್ಲಿಯೋ ಹಿಡಿಯಬೇಕು. ಸದ್ದಿನ ನಡುವೆ ಅಸ್ಪಷ್ಟವಾಗಿ ಬಂದ ಮಾತನ್ನು ಮನಸ್ಸು ತಾನು ನಿರೀಕ್ಷಿಸಿದ ಮಾತಾಗಿಯೇ ಕೇಳಿಸಿಕೊಳ್ಳುತ್ತದೆ. ಏಕಕಾಲದಲ್ಲಿ ಕಿವಿಗೆ ಬೀಳುವ ಎರಡು ಸಂದೇಶಗಳಲ್ಲಿ ಒಂದನ್ನು ಮನುಷ್ಯ ಹೇಗೆ ಆರಿಸಿಕೊಳ್ಳುತ್ತಾನೆ ಎಂಬುದರ ಮೇಲೆ ಬ್ರಿಟನ್ನಿನ ಕಾಲಿನ್ ಚೆರ‍್ರಿ ಮತ್ತು ಡೊನಾಲ್ಡ್ ಬ್ರಾಡ್‌ಬೆಂಟ್ 1950ರ ದಶಕದ ಆರಂಭದಲ್ಲಿ ನಡೆಸಿದ ಪ್ರಸಿದ್ಧ ಪ್ರಯೋಗಗಳ ಹಿನ್ನೆಲೆಯಲ್ಲಿಯೂ ನಿಯಂತ್ರಣ ಗೋಪುರದ ಇದೇ ಸಮಸ್ಯೆ ಇತ್ತು.

ಫಿಟ್ಸ್ ಪಟ್ಟಿ

ವರದಿಯಲ್ಲಿ ಹೆಚ್ಚು ಹೆಸರಾದ ಭಾಗ 11 ಅಂಶಗಳ ಒಂದು ಪುಟ್ಟ ಪಟ್ಟಿ. ಅತ್ಯಲ್ಪ ಬೆಳಕು ಅಥವಾ ಶಬ್ದವನ್ನು ಗ್ರಹಿಸುವುದು, ವಿನ್ಯಾಸಗಳನ್ನು ಗುರುತಿಸುವುದು, ಸಂದರ್ಭಕ್ಕೆ ತಕ್ಕಂತೆ ವಿಧಾನವನ್ನು ಬದಲಿಸಿಕೊಳ್ಳುವುದು, ಅಪಾರ ಮಾಹಿತಿಯನ್ನು ದೀರ್ಘಕಾಲ ಇಟ್ಟುಕೊಂಡು ಬೇಕಾದಾಗ ಬೇಕಾದುದನ್ನು ನೆನೆಯುವುದು, ಬಿಡಿ ಸಂಗತಿಗಳಿಂದ ಸಾಮಾನ್ಯ ತೀರ್ಮಾನಕ್ಕೆ ಬರುವುದು, ವಿವೇಚನೆ ತೋರುವುದು – ಈ ಆರರಲ್ಲಿ ಮನುಷ್ಯ ಮೇಲು ಎನ್ನಲಾಯಿತು. ಸೂಚನೆಗೆ ತಕ್ಷಣ ಸ್ಪಂದಿಸಿ ಹೆಚ್ಚಿನ ಬಲವನ್ನು ನಿಖರವಾಗಿ ಪ್ರಯೋಗಿಸುವುದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಮಾಹಿತಿಯನ್ನು ಅಲ್ಪಕಾಲ ಇಟ್ಟುಕೊಂಡು ಪೂರ್ತಿ ಅಳಿಸುವುದು, ಲೆಕ್ಕಾಚಾರ ಹಾಗೂ ನಿಯಮಬದ್ಧ ತರ್ಕ, ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವುದು – ಈ ಐದರಲ್ಲಿ ಯಂತ್ರ ಮೇಲು. ಗಣಕಯಂತ್ರಗಳು ಕೋಣೆ ತುಂಬುವಷ್ಟು ದೊಡ್ಡವಿದ್ದ ಕಾಲದಲ್ಲಿ ಸಿದ್ಧವಾದ ಪಟ್ಟಿಯಿದು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಪಟ್ಟಿಯಷ್ಟು ಪ್ರಚಾರ ಪಡೆಯದ, ಆದರೆ ಅದಕ್ಕಿಂತ ಹೆಚ್ಚು ಕಾಲ ಬಾಳಿದ ಒಂದು ಎಚ್ಚರಿಕೆಯೂ ವರದಿಯಲ್ಲಿದೆ. ನಿಯಂತ್ರಣವನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸುವುದು, ಯಂತ್ರ ನಡೆಸಿದ್ದನ್ನು ಮನುಷ್ಯ ಕಾಯುವುದು, ಯಂತ್ರದ ನೆರವಿನಿಂದ ಮನುಷ್ಯ ನಡೆಸುವುದು, ಮನುಷ್ಯ ನಡೆಸಿದ್ದನ್ನು ಯಂತ್ರ ಕಾಯುವುದು ಎಂಬ ಸಾಧ್ಯತೆಗಳನ್ನು ವರದಿ ತೂಗಿ ನೋಡಿತು. ಏನೂ ಸಂಭವಿಸದ ಪರದೆಯನ್ನು ಗಂಟೆಗಟ್ಟಲೆ ಕಾಯುತ್ತ, ಯಂತ್ರ ಕೆಟ್ಟ ಕ್ಷಣದಲ್ಲಿ ಕೆಲಸವನ್ನು ಕೈಗೆತ್ತಿಕೊಳ್ಳುವ ಹೊಣೆಗೆ ಮನುಷ್ಯನ ಮನಸ್ಸು ತಕ್ಕುದಲ್ಲವೆಂದು ಅದು ಕಂಡುಕೊಂಡಿತು. ಮನುಷ್ಯನನ್ನು ಕೆಲಸದಲ್ಲಿ ತೊಡಗಿಸಿ, ಯಂತ್ರವನ್ನು ಕಾವಲಿಗೆ ನಿಲ್ಲಿಸುವುದೇ ಲೇಸೆಂಬುದು ಅದರ ಒಲವು.

ನಿಯಂತ್ರಣ ಕೊಠಡಿಯ ಬೆಳಕು

ರಾಡಾರ್ ಬಂದ ಮೇಲೆ ಹೊಸದೊಂದು ತೊಂದರೆ ಹುಟ್ಟಿತು. ಆ ಕಾಲದ ಪರದೆಯ ಮಸುಕು ಗುರುತುಗಳನ್ನು ನೋಡಲು ಕೊಠಡಿ ಕತ್ತಲಾಗಿರಬೇಕು. ಕಾಗದದ ಪಟ್ಟಿ ಓದಲು, ಬರೆಯಲು, ಪಕ್ಕದವರ ಕೈಸನ್ನೆ ಕಾಣಲು ಬೆಳಕು ಬೇಕು. ಕಾನ್ರಾಡ್ ಕ್ರಾಫ್ಟ್ ಜೊತೆಗೂಡಿ ಫಿಟ್ಸ್ ಸೂಚಿಸಿದ ಪರಿಹಾರ ನೀಲಿ ಬೆಳಕಿನ ವ್ಯವಸ್ಥೆ. ಕೊಠಡಿಯನ್ನು ನೀಲಿ ಬೆಳಕಿನಿಂದ ತುಂಬಿ, ಆ ಬೆಳಕನ್ನು ತಡೆಯುವ ಹಳದಿ ಶೋಧಕವನ್ನು ಪರದೆಯ ಮೇಲಿರಿಸಿದರೆ ಎರಡೂ ಕೆಲಸಗಳು ಒಂದೇ ಕೊಠಡಿಯಲ್ಲಿ ಸಾಧ್ಯವಾಗುತ್ತಿದ್ದವು. ಓಹಾಯೊದ ಪ್ರಯೋಗಾಲಯದಲ್ಲಿ ಕೃತಕ ವಿಮಾನಗಳ ಗುರುತುಗಳನ್ನು ರಾಡಾರ್ ಪರದೆಯ ಮೇಲೆ ಮೂಡಿಸಿ, ನಿಯಂತ್ರಕರ ಕೆಲಸವನ್ನು ಅಳೆಯುವ ಅನುಕರಣ ಪ್ರಯೋಗಗಳೂ 1950ರ ದಶಕದಲ್ಲಿ ನಡೆದವು. ನಿಜವಾದ ವಿಮಾನಗಳನ್ನು ಅಪಾಯಕ್ಕೊಡ್ಡದೆ ಹೊಸ ವಿಧಾನಗಳನ್ನು ಪರೀಕ್ಷಿಸಲು ಬೇರೆ ಮಾರ್ಗವಿರಲಿಲ್ಲ.

ಫಿಟ್ಸ್ ನಿಯಮ

ಕ್ಲಾಡ್ ಶ್ಯಾನನ್ 1948ರಲ್ಲಿ ಮಂಡಿಸಿದ ಮಾಹಿತಿ ಸಿದ್ಧಾಂತ ದೂರವಾಣಿ ತಂತಿಯಂಥ ಮಾರ್ಗಗಳ ಸಾಮರ್ಥ್ಯವನ್ನು ಬಿಟ್‌ಗಳಲ್ಲಿ ಅಳೆಯುತ್ತಿತ್ತು. ಮನುಷ್ಯನೂ ಅಂಥದೊಂದು ಮಾರ್ಗವಾದರೆ ಅವನ ಸಾಮರ್ಥ್ಯವೆಷ್ಟು ಎಂಬ ಪ್ರಶ್ನೆಯನ್ನು ಫಿಟ್ಸ್ ಕೈಯ ಚಲನೆಗೆ ಅನ್ವಯಿಸಿದರು. ಎರಡು ಲೋಹದ ಫಲಕಗಳನ್ನು ಕಡ್ಡಿಯಿಂದ ಸರದಿಯಂತೆ ತಟ್ಟುವುದು, ಬಿಲ್ಲೆಗಳನ್ನೂ ಮೊಳೆಗಳನ್ನೂ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಅವರ ಪ್ರಯೋಗಗಳು. ಫಲಿತಾಂಶವನ್ನು ಹೀಗೆ ಬರೆಯಬಹುದು:

ಕಾಲ = ಕ + ಖ × ಲಾಗ್₂ (2 × ದೂರ ÷ ಅಗಲ)

ಇಲ್ಲಿ ದೂರವೆಂದರೆ ಗುರಿಯವರೆಗಿನ ದೂರ, ಅಗಲವೆಂದರೆ ಗುರಿಯ ಅಗಲ. ಕ ಮತ್ತು ಖ ಪ್ರಯೋಗದಿಂದ ಪಡೆಯುವ ಸ್ಥಿರಾಂಕಗಳು. ಗುರಿ ದೂರವಾದಷ್ಟೂ ಕಿರಿದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕು. ದೂರ ಮತ್ತು ಅಗಲ ಎರಡನ್ನೂ ಇಮ್ಮಡಿಗೊಳಿಸಿದರೆ ಕಾಲ ಬದಲಾಗದು. 1978ರಲ್ಲಿ ಸ್ಟುವರ್ಟ್ ಕಾರ್ಡ್, ವಿಲಿಯಂ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ಗಣಕದ ಮೌಸ್ ಚಲನೆಯೂ ಈ ನಿಯಮಕ್ಕೆ ಒಳಪಡುತ್ತದೆಂದು ತೋರಿಸಿದರು. ಪರದೆಯ ಮೇಲಿನ ಗುಂಡಿಗಳ ಗಾತ್ರ ಹಾಗೂ ಸ್ಥಾನವನ್ನು ನಿರ್ಧರಿಸುವಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಸೂಚನೆಯ ಜೋಡಣೆಗೂ ಪ್ರತಿಕ್ರಿಯೆಯ ಜೋಡಣೆಗೂ ಹೊಂದಾಣಿಕೆಯಿದ್ದರೆ ಕೆಲಸ ಬೇಗ ಆಗುವುದಲ್ಲದೆ ತಪ್ಪೂ ಕಡಿಮೆಯಾಗುತ್ತದೆಂದು 1953ರಲ್ಲಿ ಚಾರ್ಲ್ಸ್ ಸೀಗರ್ ಜೊತೆ ಅವರು ತೋರಿಸಿದ್ದೂ ಇದೇ ಕಾಲದ ಕೆಲಸ.

ಕೊನೆಯ ವರ್ಷಗಳು

1958ರಲ್ಲಿ ಫಿಟ್ಸ್ ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 1962–63ರಲ್ಲಿ ಹ್ಯೂಮನ್ ಫ್ಯಾಕ್ಟರ್ಸ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 1965ರ ಮೇ 2ರಂದು, 53 ವರ್ಷ ತುಂಬಲು ನಾಲ್ಕು ದಿನಗಳಿರುವಾಗ, ಆನ್ ಆರ್ಬರ್‌ನಲ್ಲಿ ನಿಧನರಾದರು. ಮೈಕೆಲ್ ಪೋಸ್ನರ್ ಜೊತೆ ಅವರು ಬರೆದ ಮಾನವ ಕಾರ್ಯಕ್ಷಮತೆ ಕುರಿತ ಗ್ರಂಥ 1967ರಲ್ಲಿ ಪ್ರಕಟವಾಯಿತು. ಕೌಶಲವು ಅರಿಯುವ ಹಂತ, ಜೋಡಿಸಿಕೊಳ್ಳುವ ಹಂತ, ತಾನಾಗಿ ನಡೆಯುವ ಹಂತ ಎಂಬ ಮೂರು ಹಂತಗಳಲ್ಲಿ ಮೈಗೂಡುತ್ತದೆಂಬ ಅದರ ವಿವರಣೆ ಕ್ರೀಡಾ ತರಬೇತಿಯ ಪಠ್ಯಗಳಲ್ಲಿಯೂ ಸ್ಥಾನ ಪಡೆದಿದೆ.

ಟೀಕೆ ಮತ್ತು ಪ್ರಭಾವ

ಫಿಟ್ಸ್ ಪಟ್ಟಿಗೆ ಟೀಕೆ ಬೇಗನೆ ಬಂತು. ಮನುಷ್ಯ ಮತ್ತು ಯಂತ್ರವನ್ನು ಒಂದೇ ಅಳತೆಗೋಲಿನಿಂದ ಹೋಲಿಸುವುದೇ ತಪ್ಪು, ಅವು ಪರಸ್ಪರ ಪೂರಕವೆಂದು ನೆಹೆಮಯ್ಯ ಜೋರ್ಡನ್ 1963ರಲ್ಲಿ ವಾದಿಸಿದರು. ಒಂದು ಕೆಲಸವನ್ನು ಯಂತ್ರಕ್ಕೆ ಕೊಟ್ಟಾಗ ಉಳಿದ ಕೆಲಸವೂ ಬದಲಾಗುತ್ತದೆ, ಪಟ್ಟಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು 2002ರಲ್ಲಿ ಸಿಡ್ನಿ ಡೆಕ್ಕರ್ ಮತ್ತು ಡೇವಿಡ್ ವುಡ್ಸ್ ಎತ್ತಿದ ಆಕ್ಷೇಪ. ಎರಡೂ ಆಕ್ಷೇಪಗಳು ಸಾಧಾರವಾದುವೇ. ಆದರೂ ಪಟ್ಟಿ ಪಠ್ಯಪುಸ್ತಕಗಳಿಂದ ಮರೆಯಾಗಿಲ್ಲ.

ಮಾತಿನ ಸಂವಹನದ ಸುಧಾರಣೆ ಹಲವರ ಕೈಯಿಂದ, ಹಲವು ದಾರಿಗಳಲ್ಲಿ ನಡೆಯಿತು. ಆಲ್ಫಾ, ಬ್ರಾವೊ, ಚಾರ್ಲಿ ಎಂದು ಆರಂಭವಾಗುವ ಅಂತಾರಾಷ್ಟ್ರೀಯ ಉಚ್ಚಾರಣಾ ಅಕ್ಷರಮಾಲೆ ಈಗಿನ ರೂಪದಲ್ಲಿ 1956ರಲ್ಲಿ ಜಾರಿಗೆ ಬಂತು. ಅದು ಫಿಟ್ಸ್ ಅವರ ಕೃತಿಯಲ್ಲ. ರೇಡಿಯೊದಲ್ಲಿ ನೈನ್ ಮತ್ತು ಫೈವ್ ಒಂದರಂತೆ ಇನ್ನೊಂದು ಕೇಳಿಸುವುದರಿಂದ ಮೊದಲನೆಯದನ್ನು ನೈನರ್ ಎನ್ನುವುದು, ಪಡೆದ ಆದೇಶವನ್ನು ಪೈಲಟ್ ಮರಳಿ ಹೇಳುವುದು, ಅದನ್ನು ನಿಯಂತ್ರಕ ಕೇಳಿ ಸರಿಪಡಿಸುವುದು ಇಂದು ಎಲ್ಲೆಡೆಯ ನಿಯಮ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಓಡುದಾರಿಯಲ್ಲಿ ಡಿಕ್ಕಿಯಾಗಿ 583 ಜನ ಸತ್ತಾಗ, ಒಂದೇ ಸಮಯಕ್ಕೆ ಪ್ರಸಾರವಾದ ಎರಡು ಸಂದೇಶಗಳೂ ಟೇಕ್-ಆಫ್ ಪದದ ಸಡಿಲ ಬಳಕೆಯೂ ಕಾರಣಗಳ ಸಾಲಿನಲ್ಲಿದ್ದವು. ಬಳಿಕ ಆ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ಹಿಂಪಡೆಯುವಾಗ ಮಾತ್ರ ಬಳಸಬೇಕೆಂಬ ಕಟ್ಟುಪಾಡು ಬಂತು.

ಭಾರತದ ಓದುಗರಿಗೆ ಹತ್ತಿರದ ಉದಾಹರಣೆ 1996ರ ನವೆಂಬರ್ 12ರ ಚರ್ಖಿ ದಾದ್ರಿ ದುರಂತ. ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೂ ಇಳಿಯುತ್ತಿದ್ದ ಕಜಕ್ ವಿಮಾನಕ್ಕೂ ಗಾಳಿಯಲ್ಲಿ ಡಿಕ್ಕಿಯಾಗಿ ಎರಡರಲ್ಲಿದ್ದ 349 ಜನರೂ ಮಡಿದರು. ನಿಯಂತ್ರಕನ ರಾಡಾರ್ ವಿಮಾನಗಳ ಎತ್ತರವನ್ನು ತೋರಿಸುತ್ತಿರಲಿಲ್ಲ; ಪೈಲಟ್‌ಗಳ ಮಾತೇ ಅವನಿಗೆ ಆಧಾರ. ಕಜಕ್ ವಿಮಾನದಲ್ಲಿ ನೆಲದೊಂದಿಗೆ ಮಾತನಾಡುತ್ತಿದ್ದವನು ಪೈಲಟ್ ಅಲ್ಲ, ಬೇರೊಬ್ಬ ರೇಡಿಯೊ ನಿರ್ವಾಹಕ. 15,000 ಅಡಿಯಲ್ಲಿ ಇರಬೇಕಿದ್ದ ಆ ವಿಮಾನ ಅದಕ್ಕಿಂತ ಕೆಳಗಿಳಿದಿತ್ತು. ದುರಂತದ ನಂತರ ಭಾರತದಲ್ಲಿ ವಿಮಾನಗಳಿಗೆ ಡಿಕ್ಕಿ ತಡೆಯುವ ಉಪಕರಣ ಕಡ್ಡಾಯವಾಯಿತು.

ಆದರೆ ಅಂಥ ಉಪಕರಣ ಬಂದ ಮೇಲೂ ಕೆಲಸದ ಹಂಚಿಕೆಯ ಪ್ರಶ್ನೆ ಮುಗಿಯಲಿಲ್ಲ. 2002ರ ಜುಲೈ 1ರ ರಾತ್ರಿ ಜರ್ಮನಿಯ ಉಬರ್ಲಿಂಗೆನ್ ಮೇಲೆ ಎರಡು ವಿಮಾನಗಳು ಎದುರಾದಾಗ, ಅವುಗಳಲ್ಲಿ ಒಂದಕ್ಕೆ ಉಪಕರಣ ಮೇಲೇರುವಂತೆಯೂ ನಿಯಂತ್ರಕ ಕೆಳಗಿಳಿಯುವಂತೆಯೂ ಸೂಚಿಸಿದರು. ಸಿಬ್ಬಂದಿ ನಿಯಂತ್ರಕನ ಮಾತನ್ನು ಪಾಲಿಸಿದರು. 71 ಜನ ಸತ್ತರು. ಉಪಕರಣದ ಸೂಚನೆಗೇ ಮೊದಲ ಮನ್ನಣೆ ಎಂಬ ನಿಯಮ ಆನಂತರ ಸ್ಪಷ್ಟಗೊಂಡಿತು. ನಿಯಂತ್ರಕರ ಪರದೆಯಲ್ಲಿ ಈಗ ಸಾಮಾನ್ಯವಾಗಿರುವ ಡಿಕ್ಕಿ ಎಚ್ಚರಿಕೆ ಮನುಷ್ಯನ ಕೆಲಸವನ್ನು ಯಂತ್ರ ಕಾಯಬೇಕೆಂಬ 1951ರ ಸಲಹೆಯ ಮಾದರಿಯದೇ. ಸಾಗರಗಳ ಮೇಲಿನ ಮಾರ್ಗಗಳಲ್ಲಿ ಆದೇಶಗಳು ಅಕ್ಷರರೂಪದಲ್ಲಿ ಕಾಕ್‌ಪಿಟ್‌ನ ಪರದೆಗೆ ಬರುವ ವ್ಯವಸ್ಥೆಯೂ ಬಳಕೆಗೆ ಬಂದಿದೆ. ಇದರಿಂದ ತಪ್ಪಾಗಿ ಕೇಳಿಸಿಕೊಳ್ಳುವ ಅಪಾಯ ತಗ್ಗುತ್ತದೆ. ಬೇರೆ ವಿಮಾನಗಳಿಗೆ ಹೋಗುವ ಆದೇಶಗಳನ್ನು ಕೇಳಿ ಸುತ್ತಲಿನ ಸಂಚಾರವನ್ನು ಊಹಿಸುವ ಅವಕಾಶ ಪೈಲಟ್‌ಗೆ ಇಲ್ಲವಾಗುತ್ತದೆ.

ಹ್ಯೂಮನ್ ಫ್ಯಾಕ್ಟರ್ಸ್ ಆಂಡ್ ಎರ್ಗೊನಾಮಿಕ್ಸ್ ಸೊಸೈಟಿ ಈ ಕ್ಷೇತ್ರದ ಅಧ್ಯಾಪನದಲ್ಲಿ ಗಣನೀಯ ಕೊಡುಗೆ ನೀಡಿದವರಿಗೆ ಫಿಟ್ಸ್ ಹೆಸರಿನ ಪ್ರಶಸ್ತಿಯನ್ನು ನೀಡುತ್ತದೆ.